ಹೈಸ್ಕೂಲ್ ಮಗುವಿಗೆ ಒಲಿಂಪಿಯಾಡ್, ವಿಜ್ಞಾನ ಪ್ರಾಜೆಕ್ಟ್, ಇಸ್ರೋ ಶಿಬಿರ: 8ನೇ ತರಗತಿಯಿಂದ ಹೆಜ್ಜೆ ಹೆಜ್ಜೆಯಾಗಿ

ಪ್ರತಿ ವರ್ಷ ಅಕ್ಟೋಬರ್ ಹೊತ್ತಿಗೆ ಯಾರೋ ಒಬ್ಬ ಅಪ್ಪನೋ ಅಮ್ಮನೋ ನಮ್ಮ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳುತ್ತಾರೆ: "ಮೇಡಂ, ನಮ್ಮ ಹುಡುಗಿಗೆ ಲೆಕ್ಕ ಅಂದ್ರೆ ಪ್ರಾಣ. ಯಾವುದಾದ್ರೂ ಪರೀಕ್ಷೆ ಇದ್ರೆ ಬರೆಸಿ." ಅಷ್ಟೊತ್ತಿಗೆ ಗಣಿತ ಒಲಿಂಪಿಯಾಡ್‌ನ ಮೊದಲ ಪರೀಕ್ಷೆ ಮುಗಿದು ತಿಂಗಳಾಗಿರುತ್ತದೆ. ಮಕ್ಕಳ ವಿಜ್ಞಾನದ ಆಲೋಚನೆಗಳಿಗೆ ಕೇಂದ್ರ ಸರ್ಕಾರ ನೆರವು ಕೊಡುವ ಇನ್‌ಸ್ಪೈರ್ ಯೋಜನೆಗೆ ಶಾಲೆಯಿಂದ ಹೆಸರು ಕಳಿಸುವ ದಿನವೂ ದಾಟಿರುತ್ತದೆ. ಹುಡುಗಿಯ ತಲೆಯಲ್ಲಿ ಏನೂ ಕೊರತೆ ಇಲ್ಲ. ಹೇಳುವವರಿಲ್ಲದೆ ಅವಳ ಒಂದು ವರ್ಷ ಹೋಯಿತು.

ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತಾ ನನಗೆ ಗಟ್ಟಿಯಾದ ಮಾತು ಒಂದೇ. ಫಾರ್ಮು, ತಾರೀಕು, ಸರ್ಟಿಫಿಕೇಟು ದೊಡ್ಡವರ ಕೆಲಸ. ಯೋಚನೆ ಮಗುವಿನ ಕೆಲಸ. ನಮ್ಮಲ್ಲಿ ಎಷ್ಟೋ ಕಡೆ ಇದು ಅದಲುಬದಲಾಗಿದೆ. ಪ್ರಾಜೆಕ್ಟನ್ನು ಅಪ್ಪ ಕೂತು ಮಾಡುತ್ತಾರೆ, ಫಾರ್ಮ್ ತುಂಬಲು ಮಗು ಸೈಬರ್ ಸೆಂಟರ್ ಮುಂದೆ ಒಂಟಿಯಾಗಿ ನಿಂತಿರುತ್ತದೆ. ಈ ಬರಹದಲ್ಲಿ ಯಾವ ಕೆಲಸ ಯಾರದ್ದು ಅಂತ ಹೇಳುತ್ತಾ ಹೋಗುತ್ತೇನೆ.

ಹೆಜ್ಜೆ 1: ಮಗು ಎಲ್ಲಿ ಹೊತ್ತು ಮರೆಯುತ್ತದೆ, ನೋಡಿ

ಮಾರ್ಕ್ಸ್ ಕಾರ್ಡ್ ಪಕ್ಕಕ್ಕಿಡಿ. ಎರಡು ವಾರ ಸುಮ್ನೆ ಗಮನಿಸಿ. ಬಿಡಿಸಲಾಗದ ಲೆಕ್ಕ ಸಿಕ್ಕರೆ ಊಟಕ್ಕೆ ಕೂತಾಗಲೂ ಅದನ್ನೇ ಗುನುಗುವ ಮಕ್ಕಳಿದ್ದಾರೆ. ಅವರ ದಾರಿ ಒಲಿಂಪಿಯಾಡ್. ಕೆಟ್ಟ ಫ್ಯಾನಿನ ರೆಗ್ಯುಲೇಟರ್ ಬಿಚ್ಚುವ, ತೋಟದಲ್ಲಿ ಇರುವೆ ಸಾಲಿನ ಹಿಂದೆ ಹೋಗುವ ಮಕ್ಕಳಿಗೆ ಪ್ರಾಜೆಕ್ಟ್ ಸರಿ. ಮಾತು, ಹಾಡು, ಬರವಣಿಗೆಯ ಮಕ್ಕಳಿಗೆ ನಮ್ಮ ಶಿಕ್ಷಣ ಇಲಾಖೆಯ ಪ್ರತಿಭಾ ಕಾರಂಜಿ ಇದ್ದೇ ಇದೆ. ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯ ಅಂತ ಮೇಲೆ ಹೋಗುತ್ತದೆ. ಅದರ ಬಗ್ಗೆ ಎಲ್ಲ ಶಾಲೆಗಳಿಗೂ ಗೊತ್ತು, ಹಾಗಾಗಿ ಇಲ್ಲಿ ಬೆಳೆಸುವುದಿಲ್ಲ.

ವರ್ಷಕ್ಕೆ ಒಂದು ದೊಡ್ಡದು, ಒಂದು ಚಿಕ್ಕದು ಸಾಕು. ಆರು ಪರೀಕ್ಷೆಗೆ ಹೆಸರು ಕೊಟ್ಟ ಮಗು ಆರರಲ್ಲೂ ಮೇಲೆ ಮೇಲೆ ತೇಲುತ್ತದೆ.

ಹೆಜ್ಜೆ 2: ಹೆಸರಿಗೆ ಮರುಳಾಗಬೇಡಿ

"ಒಲಿಂಪಿಯಾಡ್" ಅನ್ನುವ ಪದವನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಎಷ್ಟೋ ಖಾಸಗಿ ಪರೀಕ್ಷೆಗಳು ಈ ಹೆಸರಿನಲ್ಲಿ ಶಾಲೆಗಳಿಗೆ ಬರುತ್ತವೆ. ಬರೆಸುವುದರಲ್ಲಿ ತಪ್ಪೇನಿಲ್ಲ. ಆದರೆ ದೇಶದ ತಂಡಕ್ಕೆ ಹೋಗುವ ದಾರಿ ಅದಲ್ಲ ಅಂತ ತಿಳಿದೇ ದುಡ್ಡು ಕೊಡಿ. ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಗೆದ್ದರೆ ಮುಂದಿನ ಹಂತ ಯಾವುದು? ಮುಂಬೈಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ತರಬೇತಿ ಶಿಬಿರ ಅಂತ ಉತ್ತರ ಬಂದರೆ ಅದು ಗಣಿತ, ವಿಜ್ಞಾನದ ಅಸಲಿ ಒಲಿಂಪಿಯಾಡ್. ಮುಂದಿನ ಹಂತ ಇನ್ನೊಂದು ಪದಕ, ಇನ್ನೊಂದು ಶುಲ್ಕ ಅಂತಾದರೆ ನೀವೇ ಯೋಚಿಸಿ.

ಹಳೇ ಪಟ್ಟಿಗಳ ಬಗ್ಗೆಯೂ ಹುಷಾರು. ರಾಷ್ಟ್ರೀಯ ಪ್ರತಿಭಾನ್ವೇಷಣೆ ಪರೀಕ್ಷೆ ಎನ್‌ಟಿಎಸ್‌ಇ 2021ರ ನಂತರ ನಡೆದಿಲ್ಲ. ವಿಜ್ಞಾನ ಓದುವವರ ವಿದ್ಯಾರ್ಥಿವೇತನವಾದ ಕೆವಿಪಿವೈಯನ್ನು 2022ರಲ್ಲಿ ಇನ್‌ಸ್ಪೈರ್ ಯೋಜನೆಯೊಳಗೆ ಸೇರಿಸಿದರು. ಈಗಲೂ ಇವೆರಡರ ಗೈಡುಗಳನ್ನು ಕೊಂಡು ಓದುವ ಮಕ್ಕಳು ಸಿಗುತ್ತಾರೆ, ಹೊಟ್ಟೆ ಉರಿಯುತ್ತದೆ.

ಹೆಜ್ಜೆ 3: ಗಣಿತ ಒಲಿಂಪಿಯಾಡ್‌ನ ಏಣಿ ತಿಳಿದುಕೊಳ್ಳಿ

ಮೊದಲ ಮೆಟ್ಟಿಲು ಐಒಕ್ಯೂಎಂ, ಅಂದರೆ ಗಣಿತ ಒಲಿಂಪಿಯಾಡ್‌ನ ಅರ್ಹತಾ ಪರೀಕ್ಷೆ. ಗಣಿತ ಅಧ್ಯಾಪಕರ ಸಂಘ ಇದನ್ನು ನಡೆಸುತ್ತದೆ. 8ರಿಂದ 12ನೇ ತರಗತಿಯವರು ಬರೆಯಬಹುದು, ಹುಟ್ಟಿದ ದಿನಾಂಕದ ಮಿತಿಯೂ ಇರುತ್ತದೆ. 3 ಗಂಟೆ, 30 ಪ್ರಶ್ನೆ, 100 ಅಂಕ. ಹತ್ತು ಪ್ರಶ್ನೆಗೆ ತಲಾ 2, ಹತ್ತಕ್ಕೆ 3, ಹತ್ತಕ್ಕೆ 5. ತಪ್ಪಿಗೆ ಅಂಕ ಕಳೆಯುವುದಿಲ್ಲ. ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಆರಿಸುವ ಪರೀಕ್ಷೆ ಇದಲ್ಲ. ಪ್ರತಿ ಉತ್ತರವೂ 00ಯಿಂದ 99ರ ಒಳಗಿನ ಒಂದು ಪೂರ್ಣ ಸಂಖ್ಯೆ, ಅದನ್ನು ಓಎಂಆರ್ ಹಾಳೆಯ ವೃತ್ತಗಳಲ್ಲಿ ತುಂಬಬೇಕು. ಈಚಿನ ವರ್ಷಗಳಲ್ಲಿ ಪರೀಕ್ಷೆ ಸೆಪ್ಟೆಂಬರ್ ಮೊದಲ ಭಾಗದ ಒಂದು ಭಾನುವಾರ ಬಂದಿದೆ. ಅಂದರೆ ನೋಂದಣಿ ಮಳೆಗಾಲದಲ್ಲೇ ಮುಗಿಯುತ್ತದೆ.

ಅಲ್ಲಿಂದ ಆರ್‌ಎಂಒ, ಅಂದರೆ ಪ್ರಾದೇಶಿಕ ಹಂತ. 6 ಪ್ರಶ್ನೆ, 3 ಗಂಟೆ. ಇಲ್ಲಿ ಬರೀ ಉತ್ತರ ಸಾಲದು, ಯಾಕೆ ಅಂತ ಪೂರ್ತಿ ಸಾಧಿಸಬೇಕು. ಆಮೇಲೆ ಜನವರಿ ಹೊತ್ತಿಗೆ ಐಎನ್‌ಎಂಒ, ಅಂದರೆ ರಾಷ್ಟ್ರೀಯ ಹಂತ. ಅದರಲ್ಲಿ ಗೆದ್ದವರಿಗೆ ಬೇಸಿಗೆಯ ತರಬೇತಿ ಶಿಬಿರ, ಕೊನೆಗೆ 6 ಮಕ್ಕಳ ಭಾರತ ತಂಡ. ನಮ್ಮ ದೇಶ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ಗೆ 1989ರಿಂದ ಹೋಗುತ್ತಿದೆ. 2024ರಲ್ಲಿ ಇಂಗ್ಲೆಂಡಿನ ಬಾತ್ ಊರಲ್ಲಿ 4 ಚಿನ್ನ ಗೆದ್ದು 4ನೇ ಸ್ಥಾನಕ್ಕೆ ಬಂದಿತು. ಹೆಣ್ಣುಮಕ್ಕಳಿಗೆ ಯುರೋಪಿನ ಬಾಲಕಿಯರ ಗಣಿತ ಒಲಿಂಪಿಯಾಡ್ ಅಂತ ಇನ್ನೊಂದು ಬಾಗಿಲೂ ಇದೆ. ಭಾರತ ಅಲ್ಲಿಗೂ ತಂಡ ಕಳಿಸುತ್ತದೆ. ಇದನ್ನು ಮನೆಯಲ್ಲಿ ಜೋರಾಗಿ ಹೇಳಿ. ಹುಡುಗಿಯರಿಗೆ ಇದು ಗೊತ್ತೇ ಇರುವುದಿಲ್ಲ.

ಪಠ್ಯ ನಾಲ್ಕು ಭಾಗ: ಬೀಜಗಣಿತ, ರೇಖಾಗಣಿತ, ಸಂಖ್ಯಾ ಸಿದ್ಧಾಂತ (ನಂಬರ್ ಥಿಯರಿ), ಎಣಿಕೆಯ ಲೆಕ್ಕಗಳು. ಕ್ಯಾಲ್ಕುಲಸ್ ಬೇಕಿಲ್ಲ. ಹಾಗಾಗಿ ಹಳ್ಳಿ ಶಾಲೆಯ ಒಂಬತ್ತನೇ ತರಗತಿಯ ಮಗುವೂ ಧೈರ್ಯವಾಗಿ ಶುರು ಮಾಡಬಹುದು. ಮುಂದಿನ ಪಾಠ ಮೊದಲೇ ಓದಿ ಮುಗಿಸಿದ್ದರಿಂದ ಇಲ್ಲಿ ಜಾಸ್ತಿ ಲಾಭವಿಲ್ಲ. ಗೊತ್ತಿರುವುದನ್ನೇ ಆಳವಾಗಿ ತಿರುಗಿಸಿ ನೋಡಿದವರಿಗೆ ಲಾಭ.

ಕನ್ನಡ ಮಾಧ್ಯಮದ ಮಕ್ಕಳು ಇಂಗ್ಲಿಷ್ ಪ್ರಶ್ನೆ ಓದಲು ತಯಾರಾಗಬೇಕು. ಹೆದರುವ ಮಾತೇ ಇಲ್ಲ, ಯಾಕೆಂದರೆ ಗಣಿತದ ಇಂಗ್ಲಿಷ್ ಬಹಳ ಚಿಕ್ಕದು. ಐವತ್ತು ಅರವತ್ತು ಪದ ಬಂದರೆ ಮುಕ್ಕಾಲು ಪಾಲು ದಾಟಿದಂತೆ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆಸಿ: ಇಂಟಿಜರ್ ಪೂರ್ಣಾಂಕ, ರಿಮೈಂಡರ್ ಶೇಷ, ಡಿವೈಸರ್ ಭಾಜಕ, ಡಿಸ್ಟಿಂಕ್ಟ್ ಅಂದರೆ ಬೇರೆ ಬೇರೆ. "ಅಟ್ ಲೀಸ್ಟ್" ಅಂದರೆ ಕಡಿಮೆಯೆಂದರೂ ಇಷ್ಟು, "ಅಟ್ ಮೋಸ್ಟ್" ಅಂದರೆ ಹೆಚ್ಚೆಂದರೆ ಇಷ್ಟು. ಈ ಕೊನೆಯ ಎರಡರಲ್ಲಿ ಎಡವಿ, ಲೆಕ್ಕ ಬಂದರೂ ಉತ್ತರ ತಪ್ಪಿಸಿದ ಮಕ್ಕಳನ್ನು ನೋಡಿದ್ದೇನೆ.

ಹೆಜ್ಜೆ 4: ದಿನಕ್ಕೆ ಒಂದೇ ಪ್ರಶ್ನೆ

ಹಳೇ ಪ್ರಶ್ನೆಪತ್ರಿಕೆಗಳು ಹೋಮಿ ಭಾಭಾ ಕೇಂದ್ರದ ವೆಬ್‌ಸೈಟ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಪ್ರಿಂಟ್ ತೆಗೆಸುವುದು ನಿಮ್ಮ ಕೆಲಸ. ಮನೆಯಲ್ಲಿ ಇಂಟರ್‌ನೆಟ್ ಇಲ್ಲದಿದ್ದರೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಗ್ರಂಥಾಲಯದಲ್ಲಿ ಕೇಳಿ, ಎಷ್ಟೋ ಕಡೆ ಕಂಪ್ಯೂಟರ್ ಇದೆ. ಒಂದು 200 ಪುಟದ ನೋಟ್‌ಬುಕ್ ಕೊಡಿಸಿ. ದಿನಕ್ಕೆ ಒಂದು ಪ್ರಶ್ನೆ, 40 ನಿಮಿಷ. ಬರದಿದ್ದರೆ ನಾಳೆಯೂ ಅದೇ. ಮೂರು ದಿನ ಕಳೆಯುವವರೆಗೆ ಉತ್ತರ ನೋಡುವಂತಿಲ್ಲ.

ಹೇಗೆ ಕೂರಬೇಕು ಅಂತ ಒಂದು ಲೆಕ್ಕದಲ್ಲೇ ತೋರಿಸುತ್ತೇನೆ. 2025 ಏಳುಗಳನ್ನು ಒಂದಕ್ಕೊಂದು ಗುಣಿಸಿದರೆ ಬರುವ ಸಂಖ್ಯೆಯ ಕೊನೆಯ ಎರಡು ಅಂಕಿ ಯಾವುವು?

ನಮ್ಮ ಒಂಬತ್ತನೇ ತರಗತಿಯ ಹುಡುಗನೊಬ್ಬ ಮೊದಲು "ಮಿಸ್, ಇದಾಗಲ್ಲ" ಅಂದ. ಚಿಕ್ಕದರಿಂದ ಶುರು ಮಾಡು ಅಂದೆ. ಬರೆದ: 07. ಆಮೇಲೆ 49. ಆಮೇಲೆ 343, ಕೊನೆಯ ಎರಡು 43. ಆಮೇಲೆ 2401, ಕೊನೆಯ ಎರಡು 01. ಪೆನ್ನು ನಿಂತಿತು. 01 ಬಂದ ಮೇಲೆ ಮತ್ತೆ 07, 49, 43, 01 ಅದೇ ಸುತ್ತು ಬರಬೇಕಲ್ವಾ? ನಾಲ್ಕು ಹೆಜ್ಜೆಗೆ ಒಂದು ಸುತ್ತು. 2025ನ್ನು 4ರಿಂದ ಭಾಗಿಸಿದರೆ ಶೇಷ 1. ಉತ್ತರ 07. ಓಎಂಆರ್‌ನಲ್ಲಿ ಬರೀ 7 ಅಲ್ಲ, 0 ಮತ್ತು 7 ಎರಡನ್ನೂ ತುಂಬಬೇಕು ಅನ್ನುವುದನ್ನೂ ಅಲ್ಲೇ ಕಲಿತ.

ಹೆಚ್ಚಿನವರು ಇಲ್ಲಿಗೆ ಪುಟ ತಿರುಗಿಸುತ್ತಾರೆ. ಬೇಡ, ರುಚಿ ಇರುವುದು ಮುಂದೆ. 7ರ ಬದಲು 3 ಹಾಕಿದರೆ? ಅವನು ಮನೆಗೆ ಹೋಗಿ ಬರೆದುಕೊಂಡು ಬಂದ: 01 ಬರಲು 20 ಹೆಜ್ಜೆ ಬೇಕು. ಹಾಗಾದರೆ 2? ಮೂರನೇ ದಿನ ಅವನೇ ಬಂದು ಹೇಳಿದ, "ಮಿಸ್, 22 ಹೆಜ್ಜೆ ಹೋದ್ಮೇಲೆ 04 ಬಂತು. ಆದ್ರೆ 02 ವಾಪಸ್ ಬರೋದೇ ಇಲ್ಲ!" ಯಾಕೆ ಬರುವುದಿಲ್ಲ? 4, 8, 16ರಿಂದ ಮುಂದಿನವೆಲ್ಲ 4ರಿಂದ ಭಾಗವಾಗುತ್ತವೆ. 100 ಕೂಡ 4ರಿಂದ ಭಾಗವಾಗುತ್ತದೆ. ಹಾಗಾಗಿ ಕೊನೆಯ ಎರಡು ಅಂಕಿಯೂ 4ರಿಂದ ಭಾಗವಾಗಲೇಬೇಕು. 02 ಆಗುವುದಿಲ್ಲ. ಇದನ್ನು ಅವನ ಬಾಯಿಂದ ಹೊರಡಿಸಲು ನನಗೆ ಎರಡು ದಿನ ಹಿಡಿಯಿತು. ನಾನೇ ಹೇಳಿದ್ದರೆ ಎರಡು ನಿಮಿಷ. ಆದರೆ ಆ ಎರಡು ದಿನದಲ್ಲಿ ಅವನು ಸಾಧನೆ (ಪ್ರೂಫ್) ಬರೆಯುವುದನ್ನು ಕಲಿತ, ಆರ್‌ಎಂಒದಲ್ಲಿ ಬೇಕಾಗುವುದು ಅದೇ.

ತರಬೇತಿ ಕ್ಲಾಸ್ ಬೇಕೇ ಬೇಕಾ ಅಂತ ಕೇಳುತ್ತಾರೆ. ಮೊದಲ ವರ್ಷಕ್ಕೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಜೊತೆಗೆ ಕೂರುವ ಇಬ್ಬರು ಸ್ನೇಹಿತರು, ವಾರಕ್ಕೊಮ್ಮೆ ನೋಟ್‌ಬುಕ್ ನೋಡುವ ಒಬ್ಬ ಮೇಷ್ಟ್ರು ಇದ್ದರೆ ಸಾಕು.

ಹೆಜ್ಜೆ 5: ಗಣಿತ ಬಿಟ್ಟು ಬೇರೆ ಒಲಿಂಪಿಯಾಡ್‌ಗಳು

ವಿಜ್ಞಾನದಲ್ಲಿ 10ನೇ ತರಗತಿವರೆಗಿನ ಮಕ್ಕಳಿಗೆ ಎನ್‌ಎಸ್‌ಇಜೆಎಸ್, ಅಂದರೆ ಕಿರಿಯರ ವಿಜ್ಞಾನದ ರಾಷ್ಟ್ರ ಮಟ್ಟದ ಪರೀಕ್ಷೆ. ಭೌತಶಾಸ್ತ್ರ ಶಿಕ್ಷಕರ ಸಂಘ ನವೆಂಬರ್‌ನಲ್ಲಿ ನಡೆಸುತ್ತದೆ. ಭೌತ, ರಸಾಯನ, ಜೀವ ಮೂರೂ ಒಂದೇ ಪತ್ರಿಕೆಯಲ್ಲಿ ಬರುತ್ತವೆ. ಮುಂದೆ ಕಿರಿಯರ ಅಂತರರಾಷ್ಟ್ರೀಯ ವಿಜ್ಞಾನ ಒಲಿಂಪಿಯಾಡ್. ಇಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ, ಹಾಗಾಗಿ ಗಣಿತದ ಪತ್ರಿಕೆಯ ಹಾಗೆ ಊಹೆ ಮಾಡಿ ತುಂಬುವುದು ಬೇಡ.

ಕಂಪ್ಯೂಟರಿನ ಕಡೆ ಒಲವಿದ್ದರೆ ಜೆಡ್‌ಐಒ, ಅಂದರೆ ಕಂಪ್ಯೂಟರ್ ಒಲಿಂಪಿಯಾಡ್‌ನ ವಲಯ ಮಟ್ಟದ ಪರೀಕ್ಷೆ. ಇದು ಪೆನ್ನು ಕಾಗದದ ಪರೀಕ್ಷೆ. ಪ್ರೋಗ್ರಾಮಿಂಗ್ ಬರಬೇಕಾಗಿಲ್ಲ. ಕಂಪ್ಯೂಟರ್ ಹೇಗೆ ಹೆಜ್ಜೆ ಹೆಜ್ಜೆಯಾಗಿ ಯೋಚಿಸಬೇಕೋ ಹಾಗೆ ಕೈಯಲ್ಲೇ ಬಿಡಿಸಬೇಕು. ಲ್ಯಾಬ್ ಇಲ್ಲದ ಶಾಲೆಯ ಮಕ್ಕಳಿಗೆ ಇದು ಒಳ್ಳೆಯ ಬಾಗಿಲು.

ನನಗೆ ತುಂಬಾ ಇಷ್ಟವಾದದ್ದು ಪಾಣಿನಿ ಭಾಷಾಶಾಸ್ತ್ರ ಒಲಿಂಪಿಯಾಡ್. ಅದರ ಅಂತರರಾಷ್ಟ್ರೀಯ ಸ್ಪರ್ಧೆ 2016ರಲ್ಲಿ ನಮ್ಮ ಮೈಸೂರಿನಲ್ಲೇ ನಡೆಯಿತು. ಗೊತ್ತಿಲ್ಲದ ಭಾಷೆಯ ನಾಲ್ಕಾರು ಪದ ಕೊಟ್ಟು ನಿಯಮ ಹುಡುಕಿ ಅನ್ನುತ್ತಾರೆ. ಮನೆಯಲ್ಲೇ ಒಂದು ಆಡಿ ನೋಡಿ. ಟರ್ಕಿಶ್‌ನಲ್ಲಿ ಎವ್ ಅಂದರೆ ಮನೆ, ಎವ್‌ಲೆರ್ ಅಂದರೆ ಮನೆಗಳು, ಎವಿಮ್ ಅಂದರೆ ನನ್ನ ಮನೆ. ಹಾಗಾದರೆ "ನನ್ನ ಮನೆಗಳು" ಏನು? ಎವ್‌ಲೆರಿಮ್. ಈಗ ಅಟ್ ಅಂದರೆ ಕುದುರೆ, ಅಟ್‌ಲಾರ್ ಅಂದರೆ ಕುದುರೆಗಳು. ಲೆರ್ ಯಾಕೆ ಲಾರ್ ಆಯಿತು? ಪದದೊಳಗಿನ ಸ್ವರ ನೋಡಿದರೆ ಹೊಳೆಯುತ್ತದೆ. ಮನೆ, ಮನೆಗಳು, ಮನೆಗಳಲ್ಲಿ ಅಂತ ಒಂದರ ಹಿಂದೆ ಒಂದು ಪ್ರತ್ಯಯ ಪೋಣಿಸುವ ಕನ್ನಡದ ಮಕ್ಕಳಿಗೆ ಟರ್ಕಿಶ್‌ನಂಥ ಭಾಷೆ ಬೇಗ ಒಗ್ಗುತ್ತದೆ. ಮನೆಯಲ್ಲಿ ತುಳು, ಕೊಂಕಣಿ, ಉರ್ದು ಮಾತಾಡುವ ಮಕ್ಕಳಿಗೆ ಹೋಲಿಸಿ ನೋಡುವ ಅಭ್ಯಾಸ ಮೊದಲೇ ಇರುತ್ತದೆ.

ಹೆಜ್ಜೆ 6: ಪ್ರಾಜೆಕ್ಟ್ ಮಾಡುವವರು ಥರ್ಮಾಕೋಲ್ ಬಿಡಿ

ಇನ್‌ಸ್ಪೈರ್ ಮಾನಕ್‌ಗೆ ಪ್ರತಿ ಶಾಲೆಯಿಂದ 5 ಮಕ್ಕಳ ಆಲೋಚನೆಗಳನ್ನು ಆನ್‌ಲೈನ್‌ನಲ್ಲಿ ಕಳಿಸಬಹುದು. ಆಯ್ಕೆಯಾದ ಮಗುವಿನ ಖಾತೆಗೆ ಮಾದರಿ ಮಾಡಲು 10,000 ರೂಪಾಯಿ ಬರುತ್ತದೆ. ಆಮೇಲೆ ಜಿಲ್ಲೆ, ರಾಜ್ಯ, ರಾಷ್ಟ್ರ ಮಟ್ಟದ ಪ್ರದರ್ಶನ. ಹೆಸರು ಕಳಿಸಬೇಕಾದ್ದು ಶಾಲೆ. ಹಾಗಾಗಿ ಜುಲೈಯಲ್ಲೇ ಎಚ್‌ಎಂ ಹತ್ತಿರ ಹೋಗಿ, "ಸರ್, ಈ ವರ್ಷ ಇನ್‌ಸ್ಪೈರ್‌ಗೆ ಯಾರು ಕಳಿಸ್ತಾರೆ?" ಅಂತ ವಿಚಾರಿಸಿ. 1993ರಲ್ಲಿ ಶುರುವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ 10ರಿಂದ 17 ವರ್ಷದವರಿಗೆ. ತಮ್ಮೂರಿನ ಸಮಸ್ಯೆಯನ್ನು ತಮ್ಮ ಭಾಷೆಯಲ್ಲೇ ಅಧ್ಯಯನ ಮಾಡಿ ಹೇಳಬಹುದು ಅನ್ನುವುದು ಅದರ ದೊಡ್ಡ ಗುಣ. ನಮ್ಮಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನವರನ್ನು ಕೇಳಿ.

ಒಳ್ಳೆಯ ಪ್ರಾಜೆಕ್ಟ್ ಅಂದರೆ ಜ್ವಾಲಾಮುಖಿಯ ಮಾದರಿ ಅಲ್ಲ. ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ. ಉದಾಹರಣೆಗೆ, ಹಳೇ ಮಡಕೆಯಲ್ಲಿ ನೀರು ಹೊಸದರಷ್ಟು ತಣ್ಣಗೆ ಆಗುವುದಿಲ್ಲ ಅಂತ ಅಜ್ಜಿ ಹೇಳುತ್ತಾರೆ. ನಿಜವಾ? ಒಂದು ಹೊಸ ಮಡಕೆ, ಒಂದು ಹಳೇ ಮಡಕೆ, ಅಷ್ಟೇ ನೀರು ಹಿಡಿಯುವ ಒಂದು ಸ್ಟೀಲ್ ಪಾತ್ರೆ ತೆಗೆದುಕೊಳ್ಳಿ. ಮೂರಕ್ಕೂ ಒಂದೇ ನಲ್ಲಿಯ ನೀರು, ಒಂದೇ ನೆರಳು. ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ಗಂಟೆಗೊಮ್ಮೆ ಥರ್ಮಾಮೀಟರ್ ಇಟ್ಟು ಬರೆಯಿರಿ. ಬೆಳಿಗ್ಗೆ ಸಂಜೆ ತೂಕವನ್ನೂ ನೋಡಿ, ಎಷ್ಟು ನೀರು ಆವಿಯಾಯಿತು ಅಂತ ಗೊತ್ತಾಗುತ್ತದೆ.

ಇಲ್ಲಿಂದ ಲೆಕ್ಕ ಶುರು. 1 ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಆ ಶಾಖವೆಲ್ಲ ಉಳಿದ 100 ಗ್ರಾಂ ನೀರಿನಿಂದಲೇ ಹೋದರೆ ಅದು ಹೆಚ್ಚೂ ಕಡಿಮೆ 6 ಡಿಗ್ರಿ ತಣ್ಣಗಾಗಬೇಕು. ನಿಮ್ಮ ಮಡಕೆಯಲ್ಲಿ ಅಷ್ಟು ಆಗಿರುವುದಿಲ್ಲ. ಉಳಿದ ಶಾಖ ಎಲ್ಲಿಂದ ಬಂತು? ಹಳೇ ಮಡಕೆಯ ರಂಧ್ರಗಳಲ್ಲಿ ಗಡಸು ನೀರಿನ ಉಪ್ಪು ಕಟ್ಟಿಕೊಂಡಿದೆಯಾ? ತೆಂಗಿನ ನಾರಿನಿಂದ ಚೆನ್ನಾಗಿ ಉಜ್ಜಿ ಮತ್ತೆ ಅಳೆಯಿರಿ. ರಾಯಚೂರಿನ ಒಣ ಬಿಸಿಲಲ್ಲಿ ಬಂದ ಉತ್ತರವೇ ಮಂಗಳೂರಿನ ಸೆಕೆಯಲ್ಲೂ ಬರುತ್ತದಾ? ಅಲ್ಲಿನ ಸಂಬಂಧಿಕರ ಮನೆಯಲ್ಲಿ ಅಳೆಸಿ. ಇಷ್ಟಕ್ಕೆ ಖರ್ಚು ಒಂದು ಮಡಕೆ, ಒಂದು ಥರ್ಮಾಮೀಟರ್.

ತಪ್ಪಾಗಿ ಬಂದ ಅಳತೆಯನ್ನು ಅಳಿಸಲು ಬಿಡಬೇಡಿ. ಒಂದು ಗೆರೆ ಎಳೆದು ಪಕ್ಕದಲ್ಲಿ ಕಾರಣ ಬರೆಸಿ. ತೀರ್ಪುಗಾರರು ಚಾರ್ಟ್ ನೋಡಿ ಬೇಗ ಮುಂದೆ ಹೋಗಬಹುದು, ಕೊಳೆಯಾದ ನೋಟ್‌ಬುಕ್ ಕಂಡರೆ ನಿಂತು ಮಾತಾಡಿಸುತ್ತಾರೆ. ಆಗ ಉತ್ತರ ಕೊಡಬೇಕಾದ್ದು ಮಗು. ಅಪ್ಪ ಮಾಡಿದ ಪ್ರಾಜೆಕ್ಟ್ ಮೂರನೇ ಪ್ರಶ್ನೆಗೆ ಬಾಯಿ ಬಿಡುತ್ತದೆ.

ಹೆಜ್ಜೆ 7: ದುಡ್ಡು ಬರುವ ಪರೀಕ್ಷೆ, ಇಸ್ರೋ ಶಿಬಿರ

8ನೇ ತರಗತಿಯಲ್ಲಿ ಸರ್ಕಾರಿ, ಅನುದಾನಿತ ಶಾಲೆಯ ಮಗು ಬಿಡಲೇಬಾರದ ಪರೀಕ್ಷೆ ಎನ್‌ಎಂಎಂಎಸ್, ಅಂದರೆ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನದ ಪರೀಕ್ಷೆ. ಕನ್ನಡದಲ್ಲೇ ಬರೆಯಬಹುದು. ಮನೆಯ ವಾರ್ಷಿಕ ಆದಾಯ 3.5 ಲಕ್ಷ ಮೀರಿರಬಾರದು. ಎರಡು ಪತ್ರಿಕೆ: ಒಂದು ಬುದ್ಧಿಗೆ ಕಸರತ್ತು, ಇನ್ನೊಂದು ಪಠ್ಯದ್ದು. ತಲಾ 90 ಪ್ರಶ್ನೆ, 90 ನಿಮಿಷ. ಆಯ್ಕೆಯಾದರೆ 9ರಿಂದ 12ನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ. ನಾಲ್ಕು ವರ್ಷಕ್ಕೆ 48,000. ಹುಡುಗಿಯನ್ನು ಪಿಯುಸಿಗೆ ಕಳಿಸೋದಾ ಬೇಡವಾ ಅಂತ ಯೋಚಿಸುವ ಮನೆಯಲ್ಲಿ ಈ ದುಡ್ಡಿಗೆ ದೊಡ್ಡ ತೂಕವಿದೆ. ನವೋದಯ, ಕೇಂದ್ರೀಯ ವಿದ್ಯಾಲಯ, ಸರ್ಕಾರಿ ವಸತಿ ಶಾಲೆಯವರಿಗೆ ಇದು ಇಲ್ಲ. ಆಯ್ಕೆಯಾದ ಮೇಲೆ ಪ್ರತಿ ವರ್ಷ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ನವೀಕರಿಸಬೇಕು, ಮರೆತರೆ ದುಡ್ಡು ನಿಂತುಹೋಗುತ್ತದೆ.

9ನೇ ತರಗತಿಯವರಿಗೆ ಇಸ್ರೋದ ಯುವ ವಿಜ್ಞಾನಿ ಶಿಬಿರ ಯುವಿಕಾ. 2019ರಲ್ಲಿ ಶುರುವಾಯಿತು. ಬೇಸಿಗೆ ರಜೆಯಲ್ಲಿ ಸುಮಾರು ಎರಡು ವಾರ ಇಸ್ರೋ ಕೇಂದ್ರದಲ್ಲೇ ಇರಬಹುದು. ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರವೂ ಅಂಥ ಒಂದು. ಪ್ರಯಾಣ, ಊಟ, ವಸತಿ ಇಸ್ರೋದ್ದೇ. ಆಯ್ಕೆಯಲ್ಲಿ 8ನೇ ತರಗತಿಯ ಅಂಕಕ್ಕೆ ಅರ್ಧ ಪಾಲು. ಉಳಿದದ್ದು ಆನ್‌ಲೈನ್ ಕ್ವಿಜ್, ವಿಜ್ಞಾನ ಮೇಳ, ಒಲಿಂಪಿಯಾಡ್, ಆಟೋಟ, ಎನ್‌ಸಿಸಿ ಅಥವಾ ಸ್ಕೌಟ್‌ಗೆ. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಶಾಲೆಯ ಮಕ್ಕಳಿಗೆ ನೂರಕ್ಕೆ 15ರಷ್ಟು ಹೆಚ್ಚುವರಿ ತೂಕ ಕೊಡುತ್ತಾರೆ. ಹಳ್ಳಿ ಶಾಲೆಯ ಮೇಷ್ಟ್ರುಗಳೇ, ಇದನ್ನು ದಯವಿಟ್ಟು ತರಗತಿಯಲ್ಲಿ ಹೇಳಿ.

ಹೆಜ್ಜೆ 8: ಒಂದು ಫೈಲ್, ಒಂದು ಕ್ಯಾಲೆಂಡರ್

ಇದು ಪೂರ್ತಿ ದೊಡ್ಡವರ ಹೆಜ್ಜೆ. ಜೂನ್ ಮೊದಲ ವಾರ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಇವಿಷ್ಟನ್ನು ಸೇರಿಸಿಡಿ: ಆಧಾರ್, ಹುಟ್ಟಿದ ಪ್ರಮಾಣ ಪತ್ರ, ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ವ್ಯಾಸಂಗ ಪ್ರಮಾಣ ಪತ್ರ, ಮಗುವಿನ ಹೆಸರಿನ ಬ್ಯಾಂಕ್ ಪಾಸ್‌ಬುಕ್, ಹತ್ತು ಫೋಟೋ. ಹೆಸರು ಎಲ್ಲದರಲ್ಲೂ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ನಮ್ಮ ಒಬ್ಬ ಹುಡುಗಿಯ ಆಧಾರ್‌ನಲ್ಲಿ ಒಂದು ಇನಿಷಿಯಲ್ ಜಾಸ್ತಿ ಇತ್ತು. ಅದು ಕಣ್ಣಿಗೆ ಬೀಳುವ ಹೊತ್ತಿಗೆ ಅರ್ಜಿಯ ಕೊನೇ ದಿನ ಮುಗಿದಿತ್ತು. ಆಮೇಲಿಂದ ಜೂನ್‌ನಲ್ಲೇ ಎಲ್ಲರ ಹೆಸರನ್ನೂ ಕೂತು ತಾಳೆ ನೋಡುತ್ತೇನೆ.

ಗೋಡೆಯ ಕ್ಯಾಲೆಂಡರ್‌ನಲ್ಲಿ ಹೀಗೆ ಗುರುತು ಹಾಕಿ. ಜೂನ್‌ನಿಂದ ಆಗಸ್ಟ್: ಐಒಕ್ಯೂಎಂ ನೋಂದಣಿ, ಇನ್‌ಸ್ಪೈರ್. ಆಗಸ್ಟ್, ಸೆಪ್ಟೆಂಬರ್: ಎನ್‌ಎಸ್‌ಇಜೆಎಸ್ ನೋಂದಣಿ, ಎನ್‌ಎಂಎಂಎಸ್ ಸುತ್ತೋಲೆಗೆ ಕಾಯುವುದು. ಫೆಬ್ರವರಿ, ಮಾರ್ಚ್: ಯುವಿಕಾ ಅರ್ಜಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಓಪನ್ ಡೇ ಕೂಡ ಸಾಮಾನ್ಯವಾಗಿ ಆಗಲೇ. ಅವತ್ತು ಯಾರು ಬೇಕಾದರೂ ಒಳಗೆ ಹೋಗಿ ಲ್ಯಾಬ್ ನೋಡಬಹುದು. ಬೆಂಗಳೂರು ದೂರವಾದವರಿಗೆ ಮಂಗಳೂರಿನ ಪಿಲಿಕುಳ, ಧಾರವಾಡ, ಕಲಬುರಗಿಯ ವಿಜ್ಞಾನ ಕೇಂದ್ರಗಳಿವೆ. ದಿನಾಂಕ ವರ್ಷ ವರ್ಷ ಹಿಂದೆ ಮುಂದೆ ಆಗುತ್ತದೆ. ವಾಟ್ಸಾಪ್‌ನಲ್ಲಿ ಬಂದದ್ದನ್ನು ನಂಬದೆ, ಪರೀಕ್ಷೆ ನಡೆಸುವವರ ವೆಬ್‌ಸೈಟನ್ನೇ 15 ದಿನಕ್ಕೊಮ್ಮೆ ನೋಡಿ.

ಪರೀಕ್ಷೆ ಮುಗಿದ ಸಂಜೆ

ಹೊರಗೆ ಬಂದ ಕೂಡಲೇ "ಎಷ್ಟು ಬರುತ್ತೆ?" ಅಂತ ಕೇಳಬೇಡಿ. ಏನಾದರೂ ತಿನ್ನಿಸಿ. ಆಮೇಲೆ "ಯಾವ ಪ್ರಶ್ನೆ ಚೆನ್ನಾಗಿತ್ತು?" ಅಂತ ಕೇಳಿ. ಬಸ್ಸಿನಲ್ಲೇ ಆ ಪ್ರಶ್ನೆ ವಿವರಿಸಲು ಶುರು ಮಾಡಿದರೆ ಮಗು ಸರಿಯಾದ ದಾರಿಯಲ್ಲಿದೆ. ಐಒಕ್ಯೂಎಂನಲ್ಲಿ ಮೊದಲ ಸಲ 30ರಲ್ಲಿ ನಾಲ್ಕೈದು ಸರಿಯಾದರೂ ಅದು ಕಡಿಮೆಯಲ್ಲ. ಪ್ರಶ್ನೆಪತ್ರಿಕೆಯನ್ನು ಜೋಪಾನವಾಗಿ ಮನೆಗೆ ತನ್ನಿ. ಬಿಟ್ಟುಹೋದ ಪ್ರಶ್ನೆಗಳಲ್ಲಿ ಮಗು ತನಗಿಷ್ಟವಾದ ಹತ್ತನ್ನು ಆರಿಸಲಿ. ಮಾರನೇ ದಿನದಿಂದ ಅದೇ 200 ಪುಟದ ನೋಟ್‌ಬುಕ್, ದಿನಕ್ಕೆ ಒಂದು ಪ್ರಶ್ನೆ, 40 ನಿಮಿಷ.